ನಗರ ಬಡವರ ನೀರು ಮತ್ತು ನೈರ್ಮಲ್ಯ (ಕೋಲಾರ ಜಿಲ್ಲೆ)

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಇವು ಕರ್ನಾಟಕದ ಪೂರ್ವ ಗಡಿಯ ಕೋಲಾರ ಜಿಲ್ಲೆಯ ನಾಲ್ಕು ತಾಲ್ಲೂಕು ಕೇಂದ್ರಗಳು. 2011ರ ಜನಗಣತಿಯಂತೆ ಕೋಲಾರ ನಗರದ ಜನಸಂಖ್ಯೆ ಸುಮಾರು 1.38 ಲಕ್ಷ, ಮುಳಬಾಗಿಲಿನದು 57 ಸಾವಿರ, ಮಾಲೂರಿನದು 40 ಸಾವಿರ, ಶ್ರೀನಿವಾಸಪುರದ್ದು 27 ಸಾವಿರದ ಆಸುಪಾಸು. ಟೊಮೆಟೊ ಮತ್ತು ಮಾವಿನ ಮಂಡಿ, ಇಟ್ಟಿಗೆ ಗೂಡು, ಕಾರ್ಖಾನೆಗಳನ್ನು ನಂಬಿದ ಕೂಲಿಕಾರರು, ಹಮಾಲರು, ಪೌರಕಾರ್ಮಿಕರು ಈ ಊರುಗಳ ಕೊಳಗೇರಿ, ಕಾಲೋನಿಗಳಲ್ಲಿ ನೆಲೆಸಿದ್ದಾರೆ. ಇಲ್ಲಿನ ನೀರಿನ ಚರ್ಚೆ ದಶಕಗಳಿಂದ ಮೂಲದ ಸುತ್ತಲೇ ಸುತ್ತುತ್ತಿದೆ. ಬಂದ ನೀರು ಕೊನೆಯ ಬೀದಿಯ ಬಿಂದಿಗೆಗೆ ಬೀಳುತ್ತದೆಯೇ ಎಂಬ ಪ್ರಶ್ನೆಗೆ ಅಷ್ಟು ಗಮನ ಸಿಕ್ಕಿಲ್ಲ.

ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಪಾಲಾರ್, ಮಾರ್ಕಂಡೇಯ ಎರಡೂ ಮಳೆ ಬಂದರೆ ಹೊಳೆ, ಇಲ್ಲದಿದ್ದರೆ ಮರಳು. ಕೋಲಾರದ ಬೆಟ್ಟದಲ್ಲಿರುವ ಅಂತರಗಂಗೆಯ ಕಲ್ಲು ಬಸವನ ಬಾಯಿಂದ ಬೀಳುವ ಧಾರೆ ಬತ್ತುವುದಿಲ್ಲವೆಂಬ ಹೆಸರು ಪಡೆದಿದೆ, ಆದರೆ ಊರಿನ ದಾಹಕ್ಕೆ ಅದು ಎಲ್ಲಿ ಸಾಲಬೇಕು? ಊರುಗಳನ್ನು ಸಾಕಿದ್ದು ಒಂದರ ಕೋಡಿ ಇನ್ನೊಂದಕ್ಕೆ ಹರಿಯುವ ಕೆರೆಗಳ ಸಾಲು. ತೂಬು ಎತ್ತಿ ಗದ್ದೆಗೆ ಸರದಿಯಂತೆ ನೀರು ಬಿಡುತ್ತಿದ್ದವನು ನೀರುಗಂಟಿ. ಕೆರೆಗಳು ಹೂಳು ತುಂಬಿ, ಕೊಳವೆಬಾವಿಗಳು ಸಾವಿರ ಅಡಿ ದಾಟಿದ ಮೇಲೂ ಆ ಹೆಸರು ಉಳಿಯಿತು. ಬೀದಿಯ ವಾಲ್ವ್ ತಿರುಗಿಸುವವನನ್ನು ಜನ ಈಗಲೂ ನೀರುಗಂಟಿ ಎನ್ನುತ್ತಾರೆ. ಹಿಂದೆ ಅವನು ಇಡೀ ಊರಿಗೆ ಉತ್ತರ ಹೇಳಬೇಕಿತ್ತು. ಈಗ ಅವನ ಫೋನು ಯಾರ ಬಳಿ ಇದೆಯೋ ಅವರಿಗೆ ನೀರು ಬರುವ ಹೊತ್ತು ಗೊತ್ತಾಗುತ್ತದೆ.

ಆಳದ ನೀರಿನಲ್ಲಿ ಹಲವೆಡೆ ಫ್ಲೋರೈಡ್ ಅಂಶ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ಮೀರಿದೆ. ಹಲ್ಲಿನ ಕಂದು ಕಲೆ, ಮೂಳೆಯ ಬಿಗಿತ ಅದರ ಗುರುತು. ಹೀಗಾಗಿ ಕುಡಿಯುವ ನೀರು ಶುದ್ಧ ನೀರಿನ ಘಟಕದಿಂದ ಕ್ಯಾನಿನಲ್ಲಿ, ಬಳಸುವ ನೀರು ನಲ್ಲಿ, ಮಿನಿ ಟ್ಯಾಂಕ್ ಅಥವಾ ಟ್ಯಾಂಕರಿನಿಂದ ಬರುತ್ತದೆ. ಒಂದೇ ಮನೆಗೆ ಎರಡು ಬಗೆಯ ನೀರು, ಎರಡು ಬಗೆಯ ಖರ್ಚು. ಸಂಪು ಕಟ್ಟಿಸಿಕೊಂಡವರು ಒಮ್ಮೆ ಬಿಟ್ಟ ನೀರನ್ನು ವಾರದವರೆಗೆ ಕೂಡಿಡಬಲ್ಲರು. ಡ್ರಮ್ಮು, ಕೊಡಗಳೇ ಆಸ್ತಿಯಾದವರಿಗೆ ನೀರು ಬರುವ ದಿನ ಕೂಲಿಯೂ ತಪ್ಪುತ್ತದೆ. 1999ರ ಸರ್ಕಾರಿ ಮಾನದಂಡದಲ್ಲೇ ಈ ಅಂತರವಿತ್ತು: ಒಳಚರಂಡಿ ಇರುವ ಪಟ್ಟಣದಲ್ಲಿ ತಲೆಗೆ ದಿನಕ್ಕೆ 135 ಲೀಟರ್, ಒಳಚರಂಡಿ ಇಲ್ಲದ ಕಡೆ 70, ಬೀದಿ ನಲ್ಲಿಯನ್ನು ನಂಬಿದವರಿಗೆ 40.

ಮೂಲ ಹುಡುಕುವ ಕೆಲಸಗಳಲ್ಲಿ ಯರಗೋಳ್ ಅಣೆಕಟ್ಟು ಮುಖ್ಯವಾದದ್ದು. ಬಂಗಾರಪೇಟೆ ತಾಲ್ಲೂಕಿನಲ್ಲಿ ಮಾರ್ಕಂಡೇಯ ನದಿಗೆ ಕಟ್ಟಿದ, ತಮಿಳುನಾಡು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದ್ದ ಈ ಯೋಜನೆ ನವೆಂಬರ್ 2023ರಲ್ಲಿ ಉದ್ಘಾಟನೆಯಾಯಿತು. ಕೋಲಾರ, ಮಾಲೂರು, ಬಂಗಾರಪೇಟೆ ಪಟ್ಟಣಗಳಿಗೆ ಕುಡಿಯುವ ನೀರು ಕೊಡುವುದು ಅದರ ಉದ್ದೇಶ. ಮುಳಬಾಗಿಲು, ಶ್ರೀನಿವಾಸಪುರ ಆ ಪಟ್ಟಿಯಲ್ಲಿಲ್ಲ.

ಇನ್ನೊಂದು ಕೆ.ಸಿ. ವ್ಯಾಲಿ ಯೋಜನೆ. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಎರಡನೇ ಹಂತದವರೆಗೆ ಸಂಸ್ಕರಿಸಿ, ದಿನಕ್ಕೆ 440 ದಶಲಕ್ಷ ಲೀಟರ್ ಗುರಿಯೊಂದಿಗೆ ಕೋಲಾರದ ಕೆರೆಗಳಿಗೆ ಹರಿಸುವ ಏರ್ಪಾಡು ಇದು. ಜೂನ್ 2018ರಲ್ಲಿ ಮೊದಲ ನೀರು ಲಕ್ಷ್ಮೀಸಾಗರ ಕೆರೆಗೆ ಬಂತು. ಮರು ತಿಂಗಳೇ ಅಲ್ಲಿ ನೊರೆ ಎದ್ದು ವಿವಾದ ಹೈಕೋರ್ಟ್ ಮುಟ್ಟಿತು. ಈ ನೀರು ಕುಡಿಯಲಿಕ್ಕಲ್ಲ, ಅಂತರ್ಜಲ ತುಂಬಲಿಕ್ಕೆ. ಬತ್ತಿದ ಕೊಳವೆಬಾವಿಗಳಿಗೆ ಮರುಜೀವ ಬಂತೆಂದು ರೈತರು ಹೇಳಿದರೆ, ಮೂರನೇ ಹಂತದ ಸಂಸ್ಕರಣೆಯಿಲ್ಲದೆ ಬಿಟ್ಟರೆ ಅಂತರ್ಜಲ ಕೆಡುತ್ತದೆ ಎಂದು ಹೋರಾಟಗಾರರು ವಾದಿಸುತ್ತಾರೆ. ಎರಡು ಮಾತನ್ನೂ ತಳ್ಳಿಹಾಕುವಂತಿಲ್ಲ. ರಾಜಧಾನಿಯ ಶೌಚದ ನೀರಿಗೆ ಇಷ್ಟು ಲೆಕ್ಕಾಚಾರ ನಡೆದ ಜಿಲ್ಲೆಯಲ್ಲಿ ತಾಲ್ಲೂಕು ಕೇಂದ್ರಗಳ ಮೋರಿ ನೀರಿನ ಲೆಕ್ಕ ಇಟ್ಟವರು ಕಡಿಮೆ.

ಅಂಥ ಲೆಕ್ಕ ಇಡಲು ಹೊರಟ ಊರೆಂದರೆ ಮುಳಬಾಗಿಲು. ರೋಹಿಣಿ ನಿಲೇಕಣಿ ಸ್ಥಾಪಿಸಿದ ಬೆಂಗಳೂರಿನ ಅರ್ಘ್ಯಂ ಸಂಸ್ಥೆಯ ನೆರವಿನಿಂದ ಅಲ್ಲಿ ಸಮಗ್ರ ನಗರ ಜಲ ನಿರ್ವಹಣೆಯ ಪ್ರಯೋಗ ನಡೆಯಿತು. ಮಳೆ, ಕೊಳವೆಬಾವಿ, ಕೆರೆ, ಚರಂಡಿ, ಕಸ ಎಲ್ಲವನ್ನೂ ಒಂದೇ ಪುಸ್ತಕದಲ್ಲಿ ಬರೆಯಬೇಕು, ಬಡವರ ಬೀದಿಯಿಂದಲೇ ಆ ಪುಸ್ತಕ ಶುರುವಾಗಬೇಕು ಎಂಬ ಈ ಬಗೆಯ ಯೋಚನೆ ಇನ್ನೂ ಹಳೆಯದಾಗಿಲ್ಲ.

ನೈರ್ಮಲ್ಯದ ಕಥೆಯಲ್ಲಿ ಜಾತಿಯನ್ನು ಬಿಟ್ಟು ಮಾತಾಡಲಾಗದು. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ದೇವರಾಜ ಅರಸು ಸಂಪುಟದ ಸಚಿವ ಬಿ. ಬಸವಲಿಂಗಪ್ಪ 1970ರ ದಶಕದ ಆರಂಭದಲ್ಲೇ ಕರ್ನಾಟಕದಲ್ಲಿ ನಿಷೇಧಿಸಿದರು. ಕೇಂದ್ರದ ಕಾಯ್ದೆ ಬಂದದ್ದು 1993ರಲ್ಲಿ, ಹೆಚ್ಚು ಬಿಗಿಯಾದದ್ದು 2013ರಲ್ಲಿ. ಇದೇ ಜಿಲ್ಲೆಯ ಕೆ.ಜಿ.ಎಫ್.ನಲ್ಲಿ ಮಾತ್ರ ಆ ಪದ್ಧತಿ 2010ರ ದಶಕದವರೆಗೂ ಎಳೆದುಕೊಂಡು ಬಂತು. 2014ರ ಅಕ್ಟೋಬರ್ 2ರಂದು ಆರಂಭವಾದ ಸ್ವಚ್ಛ ಭಾರತ ಅಭಿಯಾನ ಮನೆ ಶೌಚಾಲಯಕ್ಕೆ ಸಹಾಯಧನ ಕೊಟ್ಟಿತು. ಅದನ್ನು ಕಟ್ಟಲು ಕಾಲಡಿಯ ಜಾಗ ತಮ್ಮದಾಗಿರಬೇಕು, ಬಳಸಲು ನೀರು ಬೇಕು, ಗುಂಡಿ ತುಂಬಿದಾಗ ಸಕ್ಕಿಂಗ್ ಗಾಡಿಗೆ ಕೊಡಲು ದುಡ್ಡೂ ಬೇಕು. ಇಕ್ಕಟ್ಟಾದ ಸಂದಿಗೆ ಆ ಗಾಡಿ ನುಗ್ಗುವುದಿಲ್ಲ, ಆಗಲೇ ಗುಂಡಿಗೆ ಮನುಷ್ಯನನ್ನು ಇಳಿಸುವ ಕೆಟ್ಟ ಯೋಚನೆ ಹುಟ್ಟುವುದು. ಗಾಡಿ ಎತ್ತಿದ್ದನ್ನು ಎಲ್ಲಿ ಸುರಿಯಬೇಕೆಂಬುದು ಬೇರೆಯೇ ಸಮಸ್ಯೆ. ನೆರೆಯ ದೇವನಹಳ್ಳಿಯಲ್ಲಿ 2015ರಲ್ಲಿ ಶುರುವಾದ ಮಲ ಕೆಸರು ಸಂಸ್ಕರಣಾ ಘಟಕ ಅದಕ್ಕೊಂದು ದಾರಿ ತೋರಿಸಿತು: ಇಡೀ ಊರಿಗೆ ಒಳಚರಂಡಿ ತೋಡದೆ, ಗುಂಡಿಗಳಿಂದ ತಂದ ಕೆಸರನ್ನು ಒಣಗಿಸಿ, ಹಸಿ ಕಸದೊಡನೆ ಗೊಬ್ಬರ ಮಾಡಿ ಹೊಲಕ್ಕೆ ಕೊಡುವುದು.