ನೀರು, ನೆಲ, ನೆಲೆ: ಗೋರೆಗಾಂವಿನ ಚರಿತ್ರೆಯಿಂದ ಒಂದು ವಿಚಾರ

ಸರಕಾರದ ಕೆಲಸ ನಿಂತಲ್ಲೇ ನಿಂತಿದೆ ಎಂಬ ಜನರ ಬೇಸರಕ್ಕೂ ಆರ್ಥಿಕ ಅಸಮಾನತೆಗೂ ಇರುವ ಸಂಬಂಧವನ್ನು ಸಾಮಾನ್ಯವಾಗಿ ರಾಜಧಾನಿಗಳ ರಾಜಕಾರಣದಲ್ಲಿ ಹುಡುಕಲಾಗುತ್ತದೆ. ಮುಂಬಯಿಯ ಉಪನಗರವಾದ ಗೋರೆಗಾಂವಿನ ಚರಿತ್ರೆ ಅದನ್ನು ಇನ್ನಷ್ಟು ಹತ್ತಿರದಿಂದ ಕಾಣಿಸುತ್ತದೆ. ಕನ್ನಡಿಗರೂ ನೆಲೆಸಿರುವ ಈ ಊರಿನ ಅನುಭವವನ್ನು ಕರ್ನಾಟಕದ ಭೂಸುಧಾರಣೆಯ ಪಕ್ಕದಲ್ಲಿಟ್ಟು ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

1957ರಲ್ಲಿ ಬೃಹನ್ಮುಂಬಯಿಯ ಎಲ್ಲೆ ಉತ್ತರದಲ್ಲಿ ದಹಿಸರದವರೆಗೆ ವಿಸ್ತರಿಸಿದಾಗ ಗೋರೆಗಾಂವ್ ಮಹಾನಗರಪಾಲಿಕೆಗೆ ಸೇರಿತು. ಮುಂಬಯಿಗೆ 1860ರಿಂದ ನೀರೊದಗಿಸಿದ ವಿಹಾರ ಸರೋವರ ಇಲ್ಲಿಂದ ದೂರವೇನಲ್ಲ. ಆದರೆ ಸರೋವರ ಸಮೀಪವಿದ್ದ ಮಾತ್ರಕ್ಕೆ ನಲ್ಲಿ ಸಮೀಪವಾಗಲಿಲ್ಲ. 1961ರಲ್ಲಿ ಪಾಲಿಕೆಗೆ ಆಯ್ಕೆಯಾದ ಸಮಾಜವಾದಿ ನಾಯಕಿ ಮೃಣಾಲ್ ಗೋರೆ (1928-2012) ಅವರು ಹೆಂಗಸರನ್ನು ಸಂಘಟಿಸಿ ನಡೆಸಿದ ಹೋರಾಟಗಳಿಂದ ‘ಪಾಣಿವಾಲಿ ಬಾಯಿ’ ಎಂದೇ ಹೆಸರಾದರು. ಪಾಲಿಕೆಯಲ್ಲಿ ಸ್ಥಾನವಿದ್ದೂ ಬೀದಿಗಿಳಿಯಬೇಕಾಯಿತೆಂಬುದು ಇಲ್ಲಿ ಗಮನಾರ್ಹ.

ನೀರಿನ ನಂತರ ನೆಲದ ಪ್ರಶ್ನೆ. 1976ರ ನಗರ ಭೂಮಿತಿ ಕಾಯಿದೆಯು ಮುಂಬಯಿಯಲ್ಲಿ ಒಬ್ಬರು ಹೊಂದಬಹುದಾದ ಖಾಲಿ ನೆಲಕ್ಕೆ 500 ಚದರ ಮೀಟರುಗಳ ಮಿತಿ ಹಾಕಿತು. ಬೆಂಗಳೂರಿಗೆ ಅದು 1000 ಚದರ ಮೀಟರು. ಉದ್ದೇಶ ಉದಾತ್ತವಾದದ್ದೇ. ಆದರೆ ಅದರ 20ನೆಯ ಕಲಮು ವಿನಾಯಿತಿ ನೀಡುವ ಅಧಿಕಾರವನ್ನು ರಾಜ್ಯ ಸರಕಾರದ ವಿವೇಚನೆಗೆ ಬಿಟ್ಟಿತ್ತು; 21ನೆಯ ಕಲಮು ದುರ್ಬಲವರ್ಗದವರಿಗೆ ಮನೆ ಕಟ್ಟುವ ಒಡೆಯರಿಗೆ ಹೆಚ್ಚುವರಿ ನೆಲ ಉಳಿಸಿಕೊಳ್ಳಲು ಅವಕಾಶ ಕೊಟ್ಟಿತ್ತು. ಲೆಕ್ಕ ಸಲ್ಲಿಸುವವನು ಒಡೆಯ, ತೀರ್ಮಾನಿಸುವುದು ಸರಕಾರ. ಯಾರ ಹೆಸರಿನಲ್ಲಿ ಕಾಯಿದೆ ಹುಟ್ಟಿತೋ ಆ ಮನೆಯಿಲ್ಲದವನಿಗೆ ಹಕ್ಕು ಕೇಳುವ ಸ್ಥಾನವೇ ಅದರಲ್ಲಿರಲಿಲ್ಲ.

ಕರ್ನಾಟಕದಲ್ಲಿ ದೇವರಾಜ ಅರಸರ ಕಾಲದ ಭೂಸುಧಾರಣೆ ಭಿನ್ನ ಹಾದಿ ಹಿಡಿದಿತ್ತು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ ಗೇಣಿ ಜಮೀನು ಸರಕಾರದ ವಶವಾಯಿತು. ಗೇಣಿದಾರ ನಮೂನೆ 7ರಲ್ಲಿ ಅರ್ಜಿ ಸಲ್ಲಿಸಿ ಭೂನ್ಯಾಯಮಂಡಳಿಯೆದುರು ತಾನೇ ನಿಲ್ಲಬಹುದಿತ್ತು. ಆರಂಭದಲ್ಲಿ ಅಲ್ಲಿ ವಕೀಲರಿಗೆ ಪ್ರವೇಶವಿರಲಿಲ್ಲ. ಗೇಣಿಯ ಹಕ್ಕೂ ಇಲ್ಲದ ಕೃಷಿಕೂಲಿಗಳಿಗೆ ಇದರಿಂದ ಅಷ್ಟಾಗಿ ನೆಲ ದೊರೆಯಲಿಲ್ಲವೆಂಬುದು ನಿಜ. ಆದರೂ ಬಾಗಿಲು ಯಾವುದು, ಬಡಿಯಬೇಕಾದವನು ಯಾರು ಎಂಬುದು ಸ್ಪಷ್ಟವಿತ್ತು.

ಗೋರೆಗಾಂವಿನಲ್ಲಿ ಈ ಕೊರತೆಯನ್ನು ಜನರೇ ತುಂಬಿಕೊಂಡರು. ಮೃಣಾಲ್ ಗೋರೆ ಮತ್ತು ಬಾಬುರಾವ್ ಸಾಮಂತರು ಮುಂದೆ ನಿಂತು ಕಟ್ಟಿದ ನಾಗರಿ ನಿವಾರಾ ಪರಿಷತ್ತು, ಅದೇ ಕಾಯಿದೆಯನ್ನು ಆಧಾರವಾಗಿಟ್ಟುಕೊಂಡು ದಿಂಡೋಶಿಯ ಪ್ರದೇಶದಲ್ಲಿ ಸಾವಿರಾರು ಮನೆಗಳ ನೆಲೆಯನ್ನು ಸಾಧ್ಯವಾಗಿಸಿತು. ಕಾಯಿದೆಯಲ್ಲಿಲ್ಲದ ಹಕ್ಕುದಾರನನ್ನು ಸಂಘಟನೆ ಸೃಷ್ಟಿಸಿದ್ದೇ ಇದರ ಐತಿಹಾಸಿಕ ಮಹತ್ವ. ವಸತಿಯ ಹಕ್ಕು ಜೀವಿಸುವ ಹಕ್ಕಿನಲ್ಲಿ ಅಡಕವಾಗಿದೆಯೆಂದು ಸರ್ವೋಚ್ಚ ನ್ಯಾಯಾಲಯ 1990ರಲ್ಲಿ ಹೇಳಿದ್ದೂ ಮಹಾರಾಷ್ಟ್ರದ ಇಂತಹ ವಿನಾಯಿತಿಯ ಪ್ರಕರಣವೊಂದರಲ್ಲಿಯೇ. ಮುಂದೆ 1999ರಲ್ಲಿ ಕೇಂದ್ರ ಸರಕಾರ ಕಾಯಿದೆಯನ್ನು ರದ್ದುಗೊಳಿಸಿತು. ಮಹಾರಾಷ್ಟ್ರ ಆ ರದ್ದತಿಯನ್ನು ಅಂಗೀಕರಿಸಿದ್ದು 2007ರಲ್ಲಿ. ಜಾರಿಯಂತೆ ರದ್ದತಿಯೂ ತಡವಾಯಿತು.

ತಡವೆಂಬುದು ಎಲ್ಲರಿಗೂ ಒಂದೇ ಭಾರವಲ್ಲ. ಗೋರೆಗಾಂವಿನ ಸಿದ್ಧಾರ್ಥನಗರದ ‘ಪತ್ರಾ ಚಾಳ್’ ಇದಕ್ಕೆ ನಿದರ್ಶನ. ಅಲ್ಲಿನ 672 ಬಾಡಿಗೆದಾರರ ಪುನರ್ವಸತಿಗೆ 2008ರಲ್ಲಿ ತ್ರಿಪಕ್ಷೀಯ ಒಪ್ಪಂದವಾಯಿತು. ಕೆಲಸ ಮುಗಿಯದೆ 2018ರಲ್ಲಿ ಗೃಹನಿರ್ಮಾಣ ಪ್ರಾಧಿಕಾರ ಅದನ್ನು ಕೊನೆಗಾಣಿಸಿತು. ನೆಲವುಳ್ಳವನು ಕಾದರೆ ನೆಲದ ಬೆಲೆ ಏರುತ್ತದೆ. ಮನೆ ಬಿಟ್ಟುಕೊಟ್ಟವನು ಕಾದರೆ ಆಯುಷ್ಯ ಸವೆಯುತ್ತದೆ. ಆದ್ದರಿಂದ ಆಡಳಿತದ ಸ್ತಬ್ಧತೆಯನ್ನು ಕೇವಲ ಅದಕ್ಷತೆಯೆಂದು ಕರೆಯುವುದು ಸಾಲದು. ಅದು ತಾನೇ ಅಸಮಾನತೆಯನ್ನು ಬೆಳೆಸುವ ಒಂದು ವ್ಯವಸ್ಥೆ.

ಮಧ್ಯಕಾಲೀನ ಕನ್ನಡ ಶಾಸನಗಳ ‘ಬಿತ್ತುವಟ್ಟ’, ‘ಕಟ್ಟುಕೊಡಗೆ’ಗಳನ್ನು ಇಲ್ಲಿ ನೆನೆಯಬಹುದು. ಕೆರೆ ಕಟ್ಟಿದವನಿಗೆ, ಕೆರೆಯ ಪೋಷಣೆಗೆ ಭೂಮಿಯನ್ನೋ ಆದಾಯವನ್ನೋ ಗೊತ್ತುಪಡಿಸಿ ಕಲ್ಲಿನಲ್ಲಿ ಬರೆಸುತ್ತಿದ್ದರು. ಆ ಕೆರೆಯ ನೀರು ಯಾರನ್ನು ದೂರವಿಟ್ಟಿತ್ತೆಂಬುದನ್ನು ಅದೇ ಕಲ್ಲು ಸಾಮಾನ್ಯವಾಗಿ ಹೇಳುವುದಿಲ್ಲ. ಹಾಗಾಗಿ ಆ ಕಾಲವನ್ನು ಆದರ್ಶೀಕರಿಸಬೇಕಾಗಿಲ್ಲ. ಆದರೆ ಸಂಪತ್ತಿಗೆ ಹೊಣೆಯನ್ನು ಗಂಟುಹಾಕಿ ಎಲ್ಲರಿಗೂ ಕಾಣುವಂತೆ ನಿಲ್ಲಿಸುವ ಕ್ರಮ ಅಲ್ಲಿತ್ತು. ಹಕ್ಕುದಾರನಿಗೆ ಕೇಳುವ ಸ್ಥಾನ, ತೀರ್ಮಾನಕ್ಕೆ ಗಡುವು, ತಡವಾದರೆ ಹೊಣೆ ಹೊರುವ ಅಧಿಕಾರಿಯ ಗುರುತು, ಈ ಮೂರೂ ಇಲ್ಲದ ಸಮಾನತೆಯ ಕಾಯಿದೆ ವಿನಾಯಿತಿಗಳ ಕಾಯಿದೆಯಾಗಿಯೇ ಉಳಿಯುತ್ತದೆ. ನಗರ ಚರಿತ್ರೆಯ ಸಂಶೋಧಕರು ಕಾಯಿದೆಗಳ ಉದ್ದೇಶಗಳಿಗಿಂತ ಅವುಗಳ ಅರ್ಜಿ ನಮೂನೆಗಳನ್ನು ಹೆಚ್ಚು ಎಚ್ಚರದಿಂದ ಓದಬೇಕಾಗಿದೆ.