ಸೈಕಲ್ ಸವಾರನಿಗೆ ಒಂದು ಹಂಡೆ ಬಿಸಿನೀರು

ವಾರ್ಮ್‌ಶವರ್ಸ್ ಎಂಬ ಹೆಸರು ಕೇಳಿದಾಗ ನಮ್ಮ ಬೀದಿಯವರು ಅದು ಯಾವುದೋ ಗೀಸರ್ ಕಂಪನಿ ಇರಬೇಕು ಅಂದುಕೊಂಡಿದ್ದರು. ಹೆಸರಿನ ಅರ್ಥ ಬಿಸಿನೀರಿನ ಸ್ನಾನ ಎಂದೇ. ದಿನವಿಡೀ ಸೈಕಲ್ ತುಳಿದು ಬಂದವನಿಗೆ ಊಟಕ್ಕಿಂತ ಮೊದಲು ಬೇಕಾಗುವುದು ಅದು. ದೂರದ ಊರುಗಳಿಗೆ ಸೈಕಲ್ಲಿನಲ್ಲಿ ಹೊರಟವರನ್ನು ಒಂದೆರಡು ರಾತ್ರಿ ಮನೆಯಲ್ಲಿ ಉಳಿಸಿಕೊಳ್ಳುವವರ ಜಾಲವಿದು. ಉಳಿಸಿಕೊಳ್ಳುವವರು ದುಡ್ಡು ಕೇಳುವುದಿಲ್ಲ. ಇಂದು ಉಳಿಸಿಕೊಂಡವರು ನಾಳೆ ಬೇರೆ ಊರಿನಲ್ಲಿ ಅತಿಥಿಗಳಾಗಬಹುದು. ಮೈಸೂರಿನ ನಮ್ಮ ಮನೆಯ ಹೆಸರೂ ಕೆಲವು ವರ್ಷಗಳಿಂದ ಆ ಪಟ್ಟಿಯಲ್ಲಿದೆ.

ಇದೆಲ್ಲ ಇಂಟರ್‌ನೆಟ್ ಬಂದ ಮೇಲೆ ಹುಟ್ಟಿದ್ದು ಎಂದು ಬಹಳ ಮಂದಿ ತಿಳಿದಿದ್ದಾರೆ. ಆದರೆ ಈ ಕಥೆಯ ಒಂದು ತುದಿ ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿದೆ.

1878ರಲ್ಲಿ ಇಂಗ್ಲೆಂಡಿನ ಹ್ಯಾರೊಗೇಟ್‌ನಲ್ಲಿ ಬೈಸಿಕಲ್ ಟೂರಿಂಗ್ ಕ್ಲಬ್ ಹುಟ್ಟಿತು. 1883ರಲ್ಲಿ ಅದು ಸೈಕ್ಲಿಸ್ಟ್ಸ್ ಟೂರಿಂಗ್ ಕ್ಲಬ್ ಎಂದು ಹೆಸರು ಬದಲಿಸಿಕೊಂಡಿತು. ಆ ಕಾಲಕ್ಕೆ ಸೈಕಲ್ ಸವಾರ ಎಂದರೆ ಕುದುರೆಗಳನ್ನು ಬೆದರಿಸುವವನು, ಧೂಳು ಮೆತ್ತಿಕೊಂಡು ಬರುವವನು. ಅಂಥವನಿಗೆ ರಾತ್ರಿ ತಂಗಲು ಜಾಗ ಸಿಗಬೇಕಲ್ಲ? ಕ್ಲಬ್ಬಿನವರು ದಾರಿಯುದ್ದಕ್ಕೂ ಇದ್ದ ಹೋಟೆಲು, ವಸತಿಗೃಹಗಳ ಜೊತೆ ಒಪ್ಪಂದ ಮಾಡಿಕೊಂಡು, ದರ ಗೊತ್ತುಮಾಡಿ, ಪಟ್ಟಿ ಅಚ್ಚು ಹಾಕಿಸಿದರು. ಒಪ್ಪಿದ ಮನೆಗಳ ಗೋಡೆಯ ಮೇಲೆ ರೆಕ್ಕೆಯಿರುವ ಚಕ್ರದ ಗುರುತಿನ ಫಲಕ ಬಂತು. ಅದು ದುಡ್ಡು ಕೊಟ್ಟು ಪಡೆಯುವ ಆತಿಥ್ಯವೇ. ಆದರೂ ಮುಂದೆ ಬಂದ ಎಲ್ಲ ಜಾಲಗಳ ಬೀಜ, ಅಂದರೆ ಒಂದು ಪಟ್ಟಿ ಮತ್ತು ಒಂದು ಗುರುತು, ಅಲ್ಲಿಯೇ ಇತ್ತು.

ಪಟ್ಟಿ ಇದ್ದ ಮಾತ್ರಕ್ಕೆ ಬಾಗಿಲು ತೆರೆಯುತ್ತದೆ ಎಂದಲ್ಲ. 1898ರಲ್ಲಿ ಲೇಡಿ ಹಾರ್ಬರ್ಟನ್ ಎಂಬ ಮಹಿಳೆ ಸರ್ರೆಯ ಆಕಮ್ ಎಂಬಲ್ಲಿದ್ದ ಹೋಬಾಯ್ ಹೋಟೆಲಿಗೆ ಸೈಕಲ್ಲಿನಲ್ಲಿ ಬಂದರು. ಹೆಂಗಸರ ಉಡುಪು ಮೈಕೈ ಆಡಿಸಲು ಅನುಕೂಲವಾಗಿರಬೇಕೆಂದು ಹೋರಾಡುತ್ತಿದ್ದವರು ಅವರು. ಉದ್ದ ಲಂಗದ ಬದಲು ಸಡಿಲ ಚಡ್ಡಿಯಂಥ ಉಡುಪು ತೊಟ್ಟಿದ್ದರು. ಒಡತಿ ಅವರನ್ನು ಊಟದ ಕೋಣೆಗೆ ಬಿಡಲಿಲ್ಲ. ಬೇಕಾದರೆ ಗಂಡಸರು ಕುಡಿಯುತ್ತ ಕೂರುವ ಬಾರಿನ ಪಕ್ಕದ ಕೋಣೆಗೆ ಹೋಗಿ ಎಂದಳು. ಕ್ಲಬ್ಬು ಕೋರ್ಟಿಗೆ ಹೋಯಿತು. ದಾರಿಹೋಕರನ್ನು ವಸತಿಗೃಹದವರು ಸಕಾರಣವಿಲ್ಲದೆ ತಿರುಗಿಸಿ ಕಳಿಸುವಂತಿಲ್ಲ ಎಂಬುದು ಇಂಗ್ಲೆಂಡಿನ ಹಳೆಯ ಕಾನೂನು. ಆದರೂ 1899ರಲ್ಲಿ ಜ್ಯೂರಿ ಒಡತಿಯ ಪರವಾಗಿಯೇ ತೀರ್ಪು ಕೊಟ್ಟಿತು. ಒಳಗೆ ಬಿಟ್ಟಿಲ್ಲ ಎನ್ನುವಂತಿಲ್ಲ, ಬೇರೆ ಕೋಣೆ ತೋರಿಸಿದ್ದಾಳಲ್ಲ! 'ಬೇರೆ ಕೋಣೆ' ಎಂಬುದರ ಅರ್ಥ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಬೇರೆ ಪಂಕ್ತಿ, ಬೇರೆ ಲೋಟಗಳ ನಾಡಿನವರು ನಾವು.

ಪಟ್ಟಿ ಮುಟ್ಟದ ದಾರಿಗಳಲ್ಲಿ ಹೋದವರೂ ಇದ್ದರು. 1923ರ ಅಕ್ಟೋಬರ್ 15ರಂದು ಮುಂಬಯಿಯಿಂದ ಆರು ಪಾರ್ಸಿ ಯುವಕರು ಜಗತ್ತು ಸುತ್ತಲು ಸೈಕಲ್ ಹತ್ತಿದರು. ಇರಾನ್, ಇರಾಕ್, ಯುರೋಪ್, ಅಮೆರಿಕ, ಜಪಾನ್, ಚೀನಾ ಹಾದು 1928ರಲ್ಲಿ ಪಯಣ ಮುಗಿಸಿದವರು ಮೂವರು: ಆದಿ ಹಕೀಂ, ಜಾಲ್ ಬಾಪಾಸೋಲಾ, ರುಸ್ತುಂ ಭೂಮ್‌ಗಾರಾ. ಅವರು ತುಳಿದದ್ದು ಸುಮಾರು 70,000 ಕಿಲೋಮೀಟರ್. ಮರುಭೂಮಿಯ ನಡುವೆ ರೆಕ್ಕೆಚಕ್ರದ ಫಲಕ ಎಲ್ಲಿಂದ ಬರಬೇಕು? ಅಂಥ ದಾರಿಯಲ್ಲಿ ನೆಚ್ಚಬೇಕಾದದ್ದು ಎದುರು ಸಿಕ್ಕವರ ಮನಸ್ಸನ್ನು.

ಪಟ್ಟಿಯೂ ಇರಲಿ, ದುಡ್ಡು ಬೇಡ ಎಂಬ ಯೋಚನೆ ಗಟ್ಟಿಯಾದದ್ದು ಎರಡನೆಯ ಮಹಾಯುದ್ಧದ ನಂತರ. 1949ರಲ್ಲಿ ಡೆನ್ಮಾರ್ಕಿನಲ್ಲಿ ಅಮೆರಿಕದ ಶಾಂತಿವಾದಿ ಬಾಬ್ ಲೂಯಿಟ್‌ವೈಲರ್ ಮತ್ತು ಗೆಳೆಯರು ಹುಟ್ಟುಹಾಕಿದ ಚಳವಳಿಯೇ ಮುಂದೆ ಸರ್ವಾಸ್ ಆಯಿತು. ಅನ್ಯದೇಶದವರು ಒಬ್ಬರ ಅಡುಗೆಮನೆಯಲ್ಲಿ ಇನ್ನೊಬ್ಬರು ಕೂತು ಉಂಡರೆ ಯುದ್ಧ ಕಷ್ಟವಾಗುತ್ತದೆ ಎಂಬುದು ಅವರ ನಂಬಿಕೆ. ಎಸ್ಪೆರಾಂಟೊ ಭಾಷೆ ಆಡುವವರು 1974ರಲ್ಲಿ ಪಾಸ್‌ಪೋರ್ಟಾ ಸರ್ವೊ ಎಂಬ ವಿಳಾಸಪುಸ್ತಕ ತಂದರು. ಆ ಭಾಷೆ ಬಂದರೆ ಸಾಕು, ಅದರಲ್ಲಿರುವ ಮನೆಗಳಲ್ಲಿ ಉಚಿತವಾಗಿ ತಂಗಬಹುದಿತ್ತು.

ಸೈಕಲ್ಲಿಗೂ ಈ ಯೋಚನೆಗೂ ಗಂಟು ಬಿದ್ದದ್ದು 1976ರಲ್ಲಿ. ಅಮೆರಿಕ ಸ್ವತಂತ್ರವಾಗಿ 200 ವರ್ಷ ತುಂಬಿದ ಆ ಬೇಸಿಗೆಯಲ್ಲಿ ಬೈಕ್‌ಸೆಂಟೆನಿಯಲ್ ಎಂಬ ಹೆಸರಿನಲ್ಲಿ ಸುಮಾರು 4,000 ಜನ ಸೈಕಲ್ಲಿನಲ್ಲಿ ಹೊರಟರು. ಆರೆಗನ್‌ನಿಂದ ವರ್ಜೀನಿಯಾವರೆಗೆ ಗೊತ್ತುಮಾಡಿದ ದಾರಿ ಸುಮಾರು 6,800 ಕಿಲೋಮೀಟರ್ ಉದ್ದದ್ದು. ವರ್ಜೀನಿಯಾದ ಆಫ್ಟನ್ ಎಂಬಲ್ಲಿ ಆ ದಾರಿ ಕಡಿದಾದ ಬೆಟ್ಟ ಹತ್ತುತ್ತದೆ. ಏದುಸಿರು ಬಿಡುತ್ತ ಬಂದವರು ಬೆಟ್ಟದ ಮೇಲಿನ ಒಂದು ಮನೆಯಲ್ಲಿ ನೀರು ಕೇಳತೊಡಗಿದರು. ಆ ಮನೆಯ ಜೂನ್ ಕರಿ ಎಂಬಾಕೆ ನೀರಿನ ಜೊತೆ ತಾನೇ ಬೇಯಿಸಿದ ಕುಕ್ಕಿ ಕೊಟ್ಟರು. ಕ್ರಮೇಣ ಪಕ್ಕದ ಮನೆಯನ್ನೇ ಸವಾರರು ಮಲಗಲು ಬಿಟ್ಟುಕೊಟ್ಟರು. ಅದಕ್ಕೆ 'ಬೈಕ್ ಹೌಸ್' ಎಂದು ಹೆಸರಾಯಿತು. ಉಂಡು ಮಲಗಿ ಹೋದವರು ಜಗತ್ತಿನ ಮೂಲೆಮೂಲೆಯಿಂದ ಬರೆದ ಕಾರ್ಡುಗಳು ಅದರ ಗೋಡೆಗಳನ್ನು ಮುಚ್ಚಿದವು. 2012ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಆಕೆ 'ಕುಕ್ಕಿ ಲೇಡಿ' ಎಂದೇ ಪ್ರಸಿದ್ಧಿ. ನಮ್ಮ ಕಡೆ ಬೇಸಿಗೆಯಲ್ಲಿ ಅರವಟ್ಟಿಗೆ ಇಟ್ಟು ನೀರುಮಜ್ಜಿಗೆ ಕೊಡುವವರ ಸಾಲಿಗೆ ಸೇರಬೇಕಾದ ಹೆಂಗಸು.

ಅದೇ ದಶಕದಲ್ಲಿ ಜಾನ್ ಮೋಸ್ಲಿ ಎಂಬವರು ಸವಾರರನ್ನು ಉಳಿಸಿಕೊಳ್ಳುವ ಮನೆಗಳ ವಿಳಾಸಪಟ್ಟಿಯೊಂದನ್ನು ಶುರು ಮಾಡಿದರು. ಜರ್ಮನಿಯಲ್ಲಿ 1980ರ ದಶಕದಲ್ಲಿ 'ಡಾಖ್‌ಗೇಬರ್', ಅಂದರೆ 'ಸೂರು ಕೊಡುವವರು' ಎಂಬ ಪಟ್ಟಿ ಬಂತು. ತನ್ನ ಮನೆಯ ವಿಳಾಸ ಬರೆಸದವನಿಗೆ ಬೇರೆಯವರ ವಿಳಾಸ ಸಿಗದು ಎಂಬುದು ಅದರ ನಿಯಮ. ನೆದರ್ಲ್ಯಾಂಡ್ಸ್‌ನವರು 1984ರಲ್ಲಿ ಶುರು ಮಾಡಿದ ಜಾಲ ಸಣ್ಣ ಮೊತ್ತ ಪಡೆಯುವ ದಾರಿ ಹಿಡಿಯಿತು. 1993ರಲ್ಲಿ ಟೆರ್ರಿ ಝ್ಮರ್ಹಾಲ್ ಮತ್ತು ಜೆಫ್ ಕ್ಯಾಶ್ಮನ್ ಕಂಪ್ಯೂಟರಿನಲ್ಲಿ ಇಟ್ಟ ಪಟ್ಟಿಯೇ ವಾರ್ಮ್‌ಶವರ್ಸ್. 2005ರ ನಂತರ ರೋಜರ್ ಗ್ರಾವೆಲ್, ರ್‍ಯಾಂಡಿ ಫೇ ಮುಂತಾದವರ ದುಡಿಮೆಯಿಂದ ಅದು ಇಂದಿನ ರೂಪಕ್ಕೆ ಬಂತು.

ಪಟ್ಟಿ ಬೆಳೆದಂತೆ ಇನ್ನೊಂದು ಪ್ರಶ್ನೆ ಎದ್ದಿತು: ಅದು ಯಾರ ಸೊತ್ತು? 2004ರಲ್ಲಿ ಶುರುವಾದ ಕೌಚ್‌ಸರ್ಫಿಂಗ್ ಎಲ್ಲ ಬಗೆಯ ಪ್ರಯಾಣಿಕರ ಜಾಲ. ಸದಸ್ಯರು ಸಂಬಳವಿಲ್ಲದೆ ದುಡಿದು ಬೆಳೆಸಿದ ಅದು 2011ರಲ್ಲಿ ಲಾಭದ ಕಂಪನಿಯಾಯಿತು. 2020ರಲ್ಲಿ ಹಣ ಕಟ್ಟದವರಿಗೆ ಒಳಗೆ ಪ್ರವೇಶವಿಲ್ಲ ಎಂದಿತು. ಮನೆಯೊಳಗೆ ಆತಿಥ್ಯ ಪುಕ್ಕಟೆಯೇ. ಆದರೆ ಆ ಮನೆ ಎಲ್ಲಿದೆ ಎಂದು ತಿಳಿಯಲು ಶುಲ್ಕ! ಹಲವು ಹಳೆಯ ಸದಸ್ಯರು ಸಿಟ್ಟಾಗಿ ಹೊರನಡೆದರು. ಅವರ ಸಿಟ್ಟು ಬರೀ ದುಡ್ಡಿನದಾಗಿರಲಿಲ್ಲ. ಊರವರೆಲ್ಲ ಸೇರಿ ತೋಡಿದ ಬಾವಿಗೆ ಯಾರೋ ಬೀಗ ಹಾಕಿದಂತೆ ಅವರಿಗೆ ಅನ್ನಿಸಿತ್ತು.

ಈ ಚರಿತ್ರೆ ನಮ್ಮ ಮನೆಯ ಜಗಲಿಗೂ ಬರುತ್ತದೆ. ವಿದೇಶಿಯರು ಬಂದರೆ 24 ಗಂಟೆಯೊಳಗೆ ಫಾರ್ಮ್ ತುಂಬಿ ಕಳಿಸಬೇಕು. ಸೈಕಲ್ಲನ್ನು ಒಳಗೆ ಇಡಲು ಜಾಗ, ಬಟ್ಟೆ ಒಗೆಯಲು ಬಕೆಟ್ಟು, ಮಾಮೂಲಿಗಿಂತ ಎರಡು ಪಾವು ಹೆಚ್ಚು ಅಕ್ಕಿ ಇದ್ದರೆ ಆಯಿತು. ತಿಥಿ ಹೇಳದೆ ಬರುವವನೇ ಅತಿಥಿ ಎನ್ನುತ್ತಾರಲ್ಲ, ಎದುರುಗಾಳಿ ಬೀಸಿದರೆ ಒಂದು ದಿನ ತಡವಾಗುವ ಸವಾರನಿಗೆ ಆ ಮಾತು ಸರಿಯಾಗಿ ಒಪ್ಪುತ್ತದೆ.

ಒಮ್ಮೆ ಫ್ರಾನ್ಸಿನ ದಂಪತಿ ಬಂದಾಗ ನಮ್ಮ ದೊಡ್ಡಪ್ಪ ಅವರ ಪಕ್ಕದಲ್ಲೇ ಕೂತು, ಸಾರನ್ನ ಕಲಸುವುದು ಹೇಗೆಂದು ತೋರಿಸಿಕೊಟ್ಟರು. ಎರಡು ತಿಂಗಳ ಮೇಲೆ ಕಲಬುರಗಿ ಕಡೆಯ ಹುಡುಗನೊಬ್ಬ ಕನ್ಯಾಕುಮಾರಿಗೆ ಹೊರಟವನು ಬಂದ. ಎಲ್ಲರೂ ಊಟಕ್ಕೆ ಕೂತಾಗ ದೊಡ್ಡಪ್ಪ ಕೇಳಿದರು, "ನೀವು ಯಾವ ಪೈಕಿಯಪ್ಪಾ?" ಫ್ರಾನ್ಸಿನವರನ್ನು ಕೇಳಿರದ ಪ್ರಶ್ನೆ ಅದು. ಹುಡುಗ ಅಳುಕದೆ ತನ್ನ ಜಾತಿ ಹೇಳಿದ. ದೊಡ್ಡಪ್ಪ "ಯಾಕೋ ಹಸಿವಿಲ್ಲ" ಎಂದು ಎದ್ದುಹೋದರು. ಅಮ್ಮ ಏನೂ ಮಾತಾಡಲಿಲ್ಲ. ಹುಡುಗನ ತಟ್ಟೆಗೆ ಇನ್ನೊಂದು ಸೌಟು ಹುಳಿ ಬಡಿಸಿ, ದೊಡ್ಡಪ್ಪನ ಎಲೆಯ ಮುಂದೆ ತಾನೇ ಕೂತು ಉಂಡಳು.

ಹೋಬಾಯ್ ಹೋಟೆಲಿನ ಒಡತಿಯನ್ನು ಓದುವಾಗೆಲ್ಲ ನನಗೆ ಆ ರಾತ್ರಿ ನೆನಪಾಗುತ್ತದೆ. ಅತಿಥಿಸತ್ಕಾರ ನಮ್ಮ ರಕ್ತದಲ್ಲೇ ಇದೆ ಎಂದು ನಾವು ಸಲೀಸಾಗಿ ಹೇಳಿಕೊಳ್ಳುತ್ತೇವೆ. ಆದರೆ ಅಪರಿಚಿತನಿಗೆ ಬಾಗಿಲು ತೆರೆಯುವುದನ್ನು ಜನ ಸ್ವಲ್ಪ ಸ್ವಲ್ಪವಾಗಿ ಕಲಿತಿದ್ದಾರೆ ಎಂಬುದನ್ನೇ ಈ ನೂರೈವತ್ತು ವರ್ಷಗಳ ಕಥೆ ಹೇಳುತ್ತದೆ. ಕ್ಲಬ್ಬು ದರ ಗೊತ್ತುಮಾಡಿತು, ಸರ್ವಾಸ್ ದರವನ್ನೇ ತೆಗೆದುಹಾಕಿತು, ಜರ್ಮನರು ಕೊಟ್ಟು ಪಡೆಯುವ ನಿಯಮ ಮಾಡಿದರು. ವಾರ್ಮ್‌ಶವರ್ಸ್ ಪಟ್ಟಿಯಲ್ಲಿ ಮನೆ ಸೇರಿಸುವಾಗ ಮಲಗಲು ಜಾಗವಿದೆಯೇ, ಬಟ್ಟೆ ಒಗೆಯಬಹುದೇ, ಹತ್ತಿರದಲ್ಲಿ ಸೈಕಲ್ ಅಂಗಡಿ ಇದೆಯೇ ಎಂದೆಲ್ಲ ಕೇಳುತ್ತಾರೆ. ದೊಡ್ಡಪ್ಪ ಕೇಳಿದ್ದನ್ನು ಬರೆಯಲು ಅಲ್ಲಿ ಜಾಗವಿಲ್ಲ.