ದ್ರೋಹಘರಟ್ಟ ಜಿನಾಲಯ: ದಂಡನಾಯಕನೊಬ್ಬನ ಪರೋಕ್ಷವಿನಯ

ಪ್ರಾಚೀನ ಕರ್ನಾಟಕದಲ್ಲಿ ಕಾಳಗದಲ್ಲಿ ಮಡಿದ ಯೋಧನ ಸ್ಮರಣೆಗೆ ನಿಶ್ಚಿತವಾದ ರೂಪವೊಂದಿತ್ತು. ಊರವರೋ ಬಂಧುಗಳೋ ವೀರಗಲ್ಲನ್ನು ನಿಲ್ಲಿಸುತ್ತಿದ್ದರು. ಕಲ್ಲಿನ ಕೆಳಪಟ್ಟಿಕೆಯಲ್ಲಿ ಹೋರಾಟ, ನಡುವಿನಲ್ಲಿ ಅಪ್ಸರೆಯರೊಡನೆ ಸ್ವರ್ಗಾರೋಹಣ, ಮೇಲೆ ದೇವಸನ್ನಿಧಿ. ಮಡಿದವನ ಕುಟುಂಬಕ್ಕೆ ಭೂಮಿಯನ್ನು ಉಂಬಳಿಯಾಗಿ ಬಿಡುವ ಪದ್ಧತಿಗೆ ಶಾಸನಗಳು ನೆತ್ತರುಗೊಡಗೆ ಎಂಬ ಹೆಸರನ್ನೇ ಕೊಟ್ಟಿವೆ. ಆದರೆ ಹತ್ತಾರು ಯುದ್ಧಗಳನ್ನು ಗೆದ್ದು, ಆಡಳಿತದ ಹೊಣೆ ಹೊತ್ತು, ಕೊನೆಗೆ ಕಾಳಗದ ಹೊರಗೆ ದೇಹವಿಡುವ ದಂಡನಾಯಕನಿಗೆ ಎಂಥ ಸ್ಮಾರಕ ಸಲ್ಲಬೇಕು? ವೀರಗಲ್ಲಿನ ಚೌಕಟ್ಟಿನಲ್ಲಿ ಈ ಪ್ರಶ್ನೆಗೆ ಉತ್ತರ ಸುಲಭವಾಗಿ ದೊರೆಯದು.

ಗಂಗರ ಮತ್ತು ಹೊಯ್ಸಳರ ಕಾಲದ ಜೈನ ಸಮಾಜ ಈ ಪ್ರಶ್ನೆಗೆ ನಿಸಿದಿಯ ಮೂಲಕ ಒಂದು ಉತ್ತರವನ್ನು ರೂಪಿಸಿಕೊಂಡಿತ್ತು. ಇಲ್ಲಿ ಮರಣ ಅನಿರೀಕ್ಷಿತವಾಗಿ ಎರಗುವ ಘಟನೆಯಾಗಿರದೆ, ಗುರುವಿನ ಅನುಮತಿಯಿಂದ, ವ್ರತಪೂರ್ವಕವಾಗಿ, ಸಂಘದ ಸಮಕ್ಷಮದಲ್ಲಿ ಎದುರುಗೊಳ್ಳುವ ಕ್ರಿಯೆಯಾಗಿತ್ತು. ಗಂಗದೊರೆ ಎರಡನೆಯ ಮಾರಸಿಂಹ ಇದಕ್ಕೆ ಪ್ರಸಿದ್ಧ ನಿದರ್ಶನ. ರಾಷ್ಟ್ರಕೂಟರ ಪರವಾಗಿ ಹೋರಾಡಿ ನೊಳಂಬಕುಲಾಂತಕನೆನಿಸಿದ ಈತ ರಾಜ್ಯವನ್ನು ತ್ಯಜಿಸಿ, ಕ್ರಿ.ಶ. 974ರ ಸುಮಾರಿಗೆ ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಮೂರು ದಿನಗಳ ವ್ರತದಿಂದ ಮುಡಿಪಿದನು. ಆತನ ಸ್ಮರಣೆಯ ಶಾಸನವಿರುವುದು ಶ್ರವಣಬೆಳಗೊಳದ ಕೂಗೆ ಬ್ರಹ್ಮದೇವರ ಕಂಬದ ಮೇಲೆ. ಅದು ಯುದ್ಧವಿಜಯಗಳನ್ನು ವಿಸ್ತಾರವಾಗಿ ಹೊಗಳಿ, ಅಂತ್ಯವನ್ನು ಕೆಲವೇ ಮಾತುಗಳಲ್ಲಿ ಹೇಳಿ ಮುಗಿಸುತ್ತದೆ.

ಈ ಪರಂಪರೆಯನ್ನು ತನ್ನ ಮನೆಯೊಳಗೇ ನಡೆಸಿಕೊಂಡು ಬಂದವನು ಹೊಯ್ಸಳ ವಿಷ್ಣುವರ್ಧನನ ಮಹಾಪ್ರಧಾನ, ದಂಡನಾಯಕ ಗಂಗರಾಜ. ತಲಕಾಡಿನಲ್ಲಿ ಚೋಳರ ಸಾಮಂತ ಅದಿಯಮನನ್ನು ಸೋಲಿಸಿದವನು, ಕಣ್ಣೆಗಾಲದಲ್ಲಿ ಚಾಲುಕ್ಯ ಸೈನ್ಯದ ಮೇಲೆ ಇರುಳು ದಾಳಿ ನಡೆಸಿ ಗೆದ್ದವನು ಇವನೇ. ಮೆಚ್ಚಿದ ದೊರೆ ಬೇಡಿದ್ದನ್ನು ಕೊಡುವೆನೆಂದಾಗ, ಗಂಗರಾಜ ಪರಮ ಎಂಬ ಗ್ರಾಮವನ್ನು ಪಡೆದು, ತಾಯಿಯೂ ಪತ್ನಿಯೂ ಮಾಡಿಸಿದ ಬಸದಿಗಳಿಗೆ ಅದನ್ನು ದತ್ತಿಯಾಗಿ ಬಿಟ್ಟನು. ಗೊಮ್ಮಟನ ಸುತ್ತಾಲಯವನ್ನು ಕಟ್ಟಿಸಿದವನೂ ಇವನೇ.

1120ರಿಂದ 1123ರ ನಡುವಿನ ಅಲ್ಪಾವಧಿಯಲ್ಲಿ ಗಂಗರಾಜ ತಾಯಿ ಪೋಚಿಕಬ್ಬೆಯನ್ನೂ ಪತ್ನಿ ಲಕ್ಷ್ಮೀಮತಿಯನ್ನೂ ಗುರು ಶುಭಚಂದ್ರ ಸಿದ್ಧಾಂತದೇವರನ್ನೂ ಕಳೆದುಕೊಂಡನು. ಮೂವರ ಸ್ಮರಣೆಗೂ ಬೆಳಗೊಳದಲ್ಲಿ ಶಾಸನಗಳನ್ನು ಬರೆಸಿದನು. ಅಗಲಿದವರಿಗೆ ಉಳಿದವರು ಸಲ್ಲಿಸುವ ಇಂಥ ಗೌರವವನ್ನು ಶಾಸನಭಾಷೆ 'ಪರೋಕ್ಷವಿನಯ' ಎಂದು ಕರೆಯುತ್ತದೆ. ಕಣ್ಣಿಗೆ ಕಾಣದವರ ಮುಂದೆಯೂ ತಲೆಬಾಗುವುದೆಂಬ ಅರ್ಥ ಆ ಮಾತಿನಲ್ಲಿ ಅಡಗಿದೆ. ಅಂತ್ಯಕ್ರಿಯೆ ಮುಗಿದ ಬಳಿಕವೂ ಉಳಿಯುವ ಕರ್ತವ್ಯಕ್ಕೆ ಇದಕ್ಕಿಂತ ಸಮರ್ಪಕವಾದ ಪದ ಸಿಗುವುದು ಕಷ್ಟ.

ಗಂಗರಾಜ 1133ರಲ್ಲಿ ತೀರಿಕೊಂಡಾಗ ಈ ಕರ್ತವ್ಯ ಮಗ ಬೊಪ್ಪದೇವನ ಪಾಲಿಗೆ ಬಂದಿತು. ಆತ ತಂದೆಯ ಪರೋಕ್ಷವಿನಯವಾಗಿ ರಾಜಧಾನಿ ದೋರಸಮುದ್ರದಲ್ಲಿ ಪಾರ್ಶ್ವನಾಥನ ಬಸದಿಯೊಂದನ್ನು ಕಟ್ಟಿಸಿದನು. ನಯಕೀರ್ತಿ ಸಿದ್ಧಾಂತ ಚಕ್ರವರ್ತಿಗಳು ಪ್ರತಿಷ್ಠೆಯನ್ನು ನೆರವೇರಿಸಿದರು. ಬಸದಿಗೆ ಇಟ್ಟ ಹೆಸರು ದ್ರೋಹಘರಟ್ಟ ಜಿನಾಲಯ. 'ಘರಟ್ಟ'ವೆಂದರೆ ಬೀಸುವ ಕಲ್ಲು. ದ್ರೋಹಿಗಳನ್ನು ಅರೆದು ಪುಡಿಮಾಡುವವನೆಂಬುದು ಗಂಗರಾಜನ ಬಿರುದು. ಅಹಿಂಸೆಯನ್ನು ಪರಮಧರ್ಮವೆನ್ನುವ ತೀರ್ಥಂಕರನ ಆಲಯಕ್ಕೆ ರಣರಂಗದ ಬಿರುದು ಅಂಟಿಕೊಂಡದ್ದು ಇಂದಿನ ಓದುಗರಿಗೆ ವಿರೋಧಾಭಾಸವೆನಿಸಬಹುದು. ಮಗನ ದೃಷ್ಟಿಯಿಂದ ನೋಡಿದರೆ ಅದು ಸಹಜ. ತಂದೆಯ ಲೌಕಿಕ ಸೇವೆಯನ್ನೂ ಧರ್ಮನಿಷ್ಠೆಯನ್ನೂ ಬೇರ್ಪಡಿಸದೆ ಒಂದೇ ಹೆಸರಿನಲ್ಲಿ ಉಳಿಸುವುದು ಆತನ ಉದ್ದೇಶವಾಗಿತ್ತು.

ಮುಂದಿನ ಘಟನೆಯನ್ನು ಹಳೇಬೀಡಿನ ಶಾಸನ ಸ್ವಾರಸ್ಯಕರವಾಗಿ ನಿರೂಪಿಸುತ್ತದೆ. ಪ್ರತಿಷ್ಠೆಯ ಶೇಷಾಕ್ಷತೆಯನ್ನು ಹಿಡಿದು ಅರ್ಚಕರು ಬಂಕಾಪುರದಲ್ಲಿದ್ದ ವಿಷ್ಣುವರ್ಧನನ ಬಳಿಗೆ ಹೋದರು. ದೊರೆ ಆಗಷ್ಟೇ ಮಸಣನೆಂಬ ಎದುರಾಳಿಯನ್ನು ಸಂಹರಿಸಿದ್ದನು. ಅದೇ ಹೊತ್ತಿಗೆ ಲಕ್ಷ್ಮೀದೇವಿಯಲ್ಲಿ ಪುತ್ರ ಜನಿಸಿದ್ದನು. ಅವನು ಅರ್ಚಕರನ್ನು ಗೌರವದಿಂದ ಎದುರುಗೊಂಡು, ಗಂಧೋದಕವನ್ನೂ ಶೇಷಾಕ್ಷತೆಯನ್ನೂ ಶಿರಸಾ ಸ್ವೀಕರಿಸಿದನು. ಜಯವೂ ಪುತ್ರೋತ್ಸವವೂ ಈ ದೇವರ ಪ್ರತಿಷ್ಠೆಯ ಫಲವೆಂದು ಭಾವಿಸಿ, ದೇವರಿಗೆ ವಿಜಯಪಾರ್ಶ್ವನೆಂದೂ ಮಗುವಿಗೆ ವಿಜಯನಾರಸಿಂಹನೆಂದೂ ಹೆಸರಿಟ್ಟು, ಬಸದಿಗೆ ಜಾವಗಲ್ಲನ್ನು ದತ್ತಿ ನೀಡಿದನು.

ದೊರೆಯ ಕಡೆಯಿಂದ ಇದು ಅತ್ಯುನ್ನತ ಗೌರವವೇ ಸರಿ. ಒಬ್ಬ ದಂಡನಾಯಕನ ನೆನಪಿನ ಬಸದಿಗೆ ರಾಜ್ಯದ ಗೆಲುವಿನ ಹೆಸರೂ ರಾಜಕುಮಾರನ ಹೆಸರೂ ಬೆಸೆದುಕೊಂಡವು. ದತ್ತಿಯಿಂದ ಪೂಜೆಗೆ ಶಾಶ್ವತ ನೆಲೆಯೂ ಒದಗಿತು. ಆದರೆ ಅದೇ ಕ್ಷಣದಲ್ಲಿ ಸ್ಮಾರಕದ ಅರ್ಥ ಪಲ್ಲಟಗೊಂಡಿತು ಎಂಬುದನ್ನು ಕಾಣದಿರಲಾಗದು. ಮಗನ ಶೋಕದಿಂದ ಹುಟ್ಟಿದ ಆಲಯ ಅರಸನ ವಿಜಯೋತ್ಸವದ ಆಲಯವಾಯಿತು. ಸೇವಕನ ಮರಣವನ್ನು ಪ್ರಭುತ್ವ ಗೌರವಿಸುವಾಗಲೆಲ್ಲ ಈ ಎರಡೂ ಒಟ್ಟಿಗೇ ನಡೆಯುತ್ತವೆ: ಮನೆಯವರ ದುಃಖಕ್ಕೆ ಸಾರ್ವಜನಿಕ ಘನತೆ ದೊರೆಯುತ್ತದೆ, ಜೊತೆಗೆ ಆ ದುಃಖ ಅವರೊಬ್ಬರದಾಗಿ ಉಳಿಯುವುದಿಲ್ಲ.

ದೋರಸಮುದ್ರದಲ್ಲಿಯೇ ಇದರ ಇನ್ನೊಂದು ತುದಿಯೂ ಇದೆ. ಹೊಯ್ಸಳೇಶ್ವರ ದೇವಾಲಯದ ಬಳಿಯ ಗರುಡಗಂಬ, ಇಮ್ಮಡಿ ಬಲ್ಲಾಳನೊಡನೆ ಪ್ರಾಣವಿತ್ತ ಕುವರ ಲಕ್ಷ್ಮನ ನೆನಪಿನದು. ಅಲ್ಲಿ ಸೇವಕನ ಸಾವಿಗೆ ಒಡೆಯನ ಸಾವಿನಿಂದಲೇ ಅರ್ಥ. ಗಂಗರಾಜನ ಬಸದಿಯಲ್ಲಾದರೋ ಒಡೆಯನ ಸಂತೋಷ ಸೇವಕನ ಸ್ಮಾರಕಕ್ಕೆ ಹೊಸ ಹೆಸರನ್ನು ಕೊಡುತ್ತದೆ.

ಇಂದು ಹಳೇಬೀಡಿಗೆ ಬರುವವರು ಆ ಆಲಯವನ್ನು ಪಾರ್ಶ್ವನಾಥ ಬಸದಿಯೆಂದೇ ಬಲ್ಲರು. ಬೊಪ್ಪದೇವ ಇಟ್ಟ ಹೆಸರೂ ದೊರೆ ಇಟ್ಟ ಹೆಸರೂ ಬಳಕೆಯಿಂದ ಮರೆಯಾಗಿವೆ. ಶಾಸನ ಮಾತ್ರ ಎರಡನ್ನೂ, ಒಂದರ ಮೇಲೊಂದು ಬಂದ ಕ್ರಮದಲ್ಲಿಯೇ, ಕಾಪಾಡಿಕೊಂಡಿದೆ. ದಾನಶಾಸನವೆಂದು ವರ್ಗೀಕರಿಸಿ ಮುಂದೆ ಸಾಗುವ ಅಧ್ಯಯನಕಾರರು, ಅದರಲ್ಲಿ ತಂದೆಯನ್ನು ಕಳೆದುಕೊಂಡ ಮಗನೊಬ್ಬನ ಮಾತೂ ಇದೆಯೆಂಬುದನ್ನು ಗಮನಿಸಬೇಕು.